ಎಂಜಿನ್ ಆಮೇಲೆ, ಮೊದಲು ಚಾಸಿ

ನಮ್ಮ ಕಡೆ ಯಾರಾದರೂ ಹಳೇ ಪಿಕಪ್ ಕೊಂಡು ತಂದರೆ ಅಂಗಳಕ್ಕೆ ಬಂದವರು ಕೇಳುವ ಮೊದಲ ಪ್ರಶ್ನೆ, ‘ಎಂಜಿನ್ ಹೆಂಗಿದೆ?’ ಎರಡನೆಯದು, ‘ಎಷ್ಟಕ್ಕೆ ಮುಗೀತು?’ ಮೂರನೆಯದು ಮೈಲೇಜು. ಬಾನೆಟ್ ಎತ್ತಿಸುತ್ತಾರೆ, ಸ್ಟಾರ್ಟ್ ಮಾಡಿಸುತ್ತಾರೆ, ಒಮ್ಮೆ ಜೋರಾಗಿ ರೇಸ್ ಮಾಡಿಸಿ ತಲೆ ಆಡಿಸುತ್ತಾರೆ. ಬಗ್ಗಿ ಗಾಡಿಯ ಅಡಿ ನೋಡಿದವರನ್ನು ನಾನು ಕಂಡಿದ್ದು ಕಮ್ಮಿ. ಪಂಚೆ ಕೆಸರಾಗುತ್ತದೆ ಅಂತಿರಬೇಕು.

ನನ್ನ ಹತ್ತಿರ ಇರುವುದು 2012ರ ಮಾಡೆಲ್ ಬೊಲೆರೊ ಪಿಕಪ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಊರು ಹೊಸನಗರ ತಾಲ್ಲೂಕು, ಡಾಂಬರು ಮುಗಿದ ಮೇಲೂ ಒಂದಷ್ಟು ದೂರ ಕೆಂಪು ಮಣ್ಣಿನ ದಾರಿ. ಈ ಗಾಡಿ ಸಾಕಿದ ಮೇಲೆ ಒಂದು ಮಾತನ್ನು ಗಟ್ಟಿಯಾಗಿ ಹೇಳಬಲ್ಲೆ. ಮಲೆನಾಡಿನಲ್ಲಿ ಹಳೇ ಪಿಕಪ್ ತಗೊಳ್ಳುವಾಗ ಎಂಜಿನ್ ಎರಡನೇ ವಿಷಯ. ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟುವವರು ಶಿವಮೊಗ್ಗದಲ್ಲಿ ಬೇಕಾದಷ್ಟು ಜನ ಇದ್ದಾರೆ, ಸಾಮಾನೂ ಸಿಗುತ್ತದೆ. ಚಾಸಿ, ಅಂದರೆ ಇಡೀ ಗಾಡಿಯನ್ನು ಹೊರುವ ಅಡಿಯ ಕಬ್ಬಿಣದ ಚೌಕಟ್ಟು, ತುಕ್ಕು ಹಿಡಿದು ಒಳಗಿಂದ ಟೊಳ್ಳಾದರೆ ಅದಕ್ಕೆ ಮದ್ದಿಲ್ಲ. ಪ್ಯಾಚ್ ಹಾಕಿ ವೆಲ್ಡ್ ಮಾಡಿಸಬಹುದು. ಮುಂದಿನ ಮಳೆಗಾಲಕ್ಕೆ ಪ್ಯಾಚಿನ ಪಕ್ಕದಲ್ಲೇ ಇನ್ನೊಂದು ತೂತು ಬಿದ್ದಿರುತ್ತದೆ.

ತೋಟ ಇದ್ದವರಿಗೆ ಪಿಕಪ್ ಯಾಕೆ ಬೇಕು ಅಂತ ಹೇಳಬೇಕಿಲ್ಲ. ಗೊಬ್ಬರ, ಸುಣ್ಣ, ಮೈಲುತುತ್ತು, ಪೈಪು, ಸಿಮೆಂಟು ಒಳಗೆ ಬರಬೇಕು. ಅಡಿಕೆ ಹೊರಗೆ ಹೋಗಬೇಕು. 1939ರಲ್ಲಿ ಶುರುವಾದ ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್ಕೋಸ್‌ಗೆ ಹಾಕಲಿ, ಶಿವಮೊಗ್ಗದ ಮಂಡಿಗೆ ಹಾಕಲಿ, ಬಾಡಿಗೆ ಗಾಡಿ ನಂಬಿಕೊಂಡರೆ ರೇಟು ಏರಿದ ದಿನ ಊರಿನ ಗಾಡಿಯೆಲ್ಲ ಬುಕ್ ಆಗಿರುತ್ತದೆ, ಇಳಿದ ದಿನ ಎಲ್ಲವೂ ಖಾಲಿ ನಿಂತಿರುತ್ತದೆ. ಟ್ರ್ಯಾಕ್ಟರ್ ಗದ್ದೆಗೆ ಸರಿ. ಅದರಲ್ಲಿ ಶಿವಮೊಗ್ಗಕ್ಕೆ ಹೋಗಿಬರುವುದೆಂದರೆ ಸೊಂಟಕ್ಕೆ ಬೇರೆ ಖರ್ಚು ಇಟ್ಟುಕೊಂಡಿರಬೇಕು.

ಯಾವ ಗಾಡಿ ಅನ್ನುವುದರಲ್ಲಿ ನನಗೆ ಜಾಸ್ತಿ ಗೊಂದಲ ಇರಲಿಲ್ಲ. ಟಾಟಾದವರ ಹಳೇ 207 ಗಟ್ಟಿಮುಟ್ಟು. ಈಗ ಒಳ್ಳೆಯದು ಸಿಗುವುದು ಕಷ್ಟ. 2005ರಲ್ಲಿ ಬಂದ ಏಸ್ ಪೇಟೆಗೆ ಹೇಳಿ ಮಾಡಿಸಿದ್ದು. ಆದರೆ ಮೊದಲಿನ ಏಸ್‌ಗೆ ಎರಡು ಸಿಲಿಂಡರಿನ 702 ಸಿಸಿ ಎಂಜಿನ್. ನಮ್ಮ ಮನೆಯ ಏರಿನಲ್ಲಿ ಗೊಬ್ಬರದ ಲೋಡ್ ಹಾಕಿಕೊಂಡು ಬಂದರೆ ಅದಕ್ಕೆ ಉಸಿರು ಕಟ್ಟುತ್ತದೆ. ಅಶೋಕ್ ಲೇಲ್ಯಾಂಡಿನ ದೋಸ್ತ್ ಚೆನ್ನಾಗಿದೆ, ಡಾಂಬರು ರಸ್ತೆಯವರಿಗೆ. ಬೊಲೆರೊದ್ದು 2523 ಸಿಸಿ ಡೀಸೆಲ್ ಎಂಜಿನ್, ಕೆಳಗಿನ ಗೇರಿನಲ್ಲಿ ಎಳೆಯುವ ಶಕ್ತಿ ಇದೆ, ನೆಲದಿಂದ ಎತ್ತರವಿದೆ. ಎಲ್ಲಕ್ಕಿಂತ ಮುಖ್ಯ, ಅದರ ಸಾಮಾನು ತೀರ್ಥಹಳ್ಳಿ, ಸಾಗರದಲ್ಲೂ ಸಿಗುತ್ತದೆ. ಸಾಮಾನು ಸಿಗದ ಒಳ್ಳೇ ಗಾಡಿಗಿಂತ ಸಾಮಾನು ಸಿಗುವ ಸುಮಾರು ಗಾಡಿ ವಾಸಿ.

ಹಳೇ ಗಾಡಿ ನೋಡಲು ಹೋದಾಗ ಮೊದಲು ನಂಬರ್ ಬೋರ್ಡು ನೋಡಬೇಕು. ಕೆಎ 14 ಶಿವಮೊಗ್ಗ, ಕೆಎ 15 ಸಾಗರ, ಕೆಎ 16 ಚಿತ್ರದುರ್ಗ, ಕೆಎ 17 ದಾವಣಗೆರೆ, ಕೆಎ 20 ಉಡುಪಿ. ಯಾವ ನೀರು, ಯಾವ ಗಾಳಿ ಕುಡಿದ ಗಾಡಿ ಅನ್ನುವುದರ ಮೊದಲ ಸುಳಿವು ಅಲ್ಲಿರುತ್ತದೆ. ಬಯಲುಸೀಮೆಯ ಗಾಡಿಗಳ ಅಡಿಭಾಗ ಸಾಮಾನ್ಯವಾಗಿ ಚೊಕ್ಕ. ಅಲ್ಲಿ ತೊಂದರೆ ಧೂಳಿನದು ಮತ್ತು ಓವರ್‌ಲೋಡಿನದು. ಏರ್ ಫಿಲ್ಟರ್ ನಿರ್ಲಕ್ಷ್ಯ ಮಾಡಿದ್ದರೆ ಧೂಳು ಸಿಲಿಂಡರಿಗೆ ಹೋಗಿ ಪಿಸ್ಟನ್ ರಿಂಗ್ ಸವೆದಿರುತ್ತದೆ. ಆದರೆ ರಿಂಗ್ ಬದಲಿಸಬಹುದಲ್ವಾ?

ಘಟ್ಟದ ಕೆಳಗಿನ ಗಾಡಿಗಳ ಕತೆ ಬೇರೆ. ಸಮುದ್ರದ ಗಾಳಿಯೇ ಉಪ್ಪು. ಅದಕ್ಕಿಂತ ಕೆಟ್ಟದ್ದು ಮೀನಿನ ಲೋಡು. ಮಲ್ಪೆ, ಗಂಗೊಳ್ಳಿಯಿಂದ ಮೀನು ತುಂಬಿದ ಪಿಕಪ್‌ಗಳು ಘಾಟಿ ಹತ್ತಿ ನಮ್ಮ ಕಡೆಯ ಪೇಟೆಗಳಿಗೆ ಬರುತ್ತವೆ. ಐಸ್ ಕರಗಿದ ನೀರಿಗೆ ಮೀನಿನ ಉಪ್ಪು ಸೇರಿ ಹಿಂದಿನ ಬಾಡಿಯ ಸಂದುಗಳಿಂದ ದಾರಿಯುದ್ದಕ್ಕೂ ಚಾಸಿ ಮೇಲೆ ಇಳಿಯುತ್ತಿರುತ್ತದೆ. ಮೀನು ತಿನ್ನುವವನಾಗಿ ನನಗೆ ಆ ಗಾಡಿಗಳ ಮೇಲೆ ಪ್ರೀತಿಯೇ ಇದೆ. ಕೊಳ್ಳಲು ಮಾತ್ರ ಬೇಡ.

ಅಂಥದ್ದೊಂದನ್ನು ಕುಂದಾಪುರದ ಕಡೆ ನೋಡಲು ಹೋಗಿದ್ದೆವು. ಜೊತೆಗೆ ನಮ್ಮ ಮೆಕ್ಯಾನಿಕ್ ಸಾಬ್ರು. ಗಾಡಿ ಮದುವೆಗೆ ಹೊರಟ ಹಾಗೆ ನಿಂತಿತ್ತು. ಹೊಸ ಬಿಳಿ ಬಣ್ಣ, ಹೊಸ ಸೀಟ್ ಕವರ್, ಟೈರಿಗೆ ಪಾಲಿಶ್. ಮಾರುವವರು ಕೀ ಹಿಡಿದು ‘ಸ್ಟಾರ್ಟ್ ಮಾಡ್ಲಾ’ ಅನ್ನುತ್ತಿದ್ದರು. ಸಾಬ್ರು ಉತ್ತರ ಕೊಡದೆ ಗೋಣಿಚೀಲ ಹಾಸಿ ಗಾಡಿಯ ಅಡಿಗೆ ಹೋದರು. ಕೈಯಲ್ಲಿ ಒಂದು ಸ್ಪ್ಯಾನರ್, ಒಂದು ಸ್ಕ್ರೂ ಡ್ರೈವರ್. ಮುಂದಿನಿಂದ ಹಿಂದಕ್ಕೆ ಚಾಸಿಯನ್ನು ಕುಟ್ಟುತ್ತಾ ಬಂದರು. ಟಣ್, ಟಣ್ ಅಂತ ಕೇಳುತ್ತಿತ್ತು. ಹಿಂದಿನ ಸ್ಪ್ರಿಂಗ್ ಪ್ಲೇಟು ಚಾಸಿಗೆ ಸೇರುವ ಜಾಗದಲ್ಲಿ ಶಬ್ದ ಸತ್ತಿತು. ‘ಡಬ್’ ಅಂದಿತು ಅಷ್ಟೇ. ಅಲ್ಲಿ ಕಪ್ಪು ಬಣ್ಣ ದಪ್ಪವಾಗಿ ಮೆತ್ತಿದ್ದರು. ಸ್ಕ್ರೂ ಡ್ರೈವರ್ ಒತ್ತಿದರು, ಅದು ಬಣ್ಣ ದಾಟಿ ಒಳಗೆ ಇಳಿಯಿತು. ಎಬ್ಬಿದಾಗ ಕಬ್ಬಿಣದ ಒಂದು ಚಕ್ಕೆ ಎದ್ದು ಬಂತು. ಹೊರಗೆ ಬಂದು ಅದನ್ನು ನನ್ನ ಅಂಗೈ ಮೇಲೆ ಇಟ್ಟರು. ಒಂದು ಬದಿ ಹೊಳೆಯುವ ಕಪ್ಪು, ಇನ್ನೊಂದು ಬದಿ ಪದರ ಪದರ ಕೆಂಪು. ಬೆರಳಲ್ಲಿ ತಿಕ್ಕಿದರೆ ಪುಡಿ.

‘ಗೌಡ್ರೆ, ಸ್ಟಾರ್ಟ್ ಮಾಡೋದೇನೂ ಬ್ಯಾಡ. ಬಸ್ಸಿಗೆ ಟೈಮಾತು’ ಅಂದರು.

ಹಳೇ ಗಾಡಿಯ ಅಡಿಗೆ ಹೊಸ ಕಪ್ಪು ಬಣ್ಣ ಕಂಡರೆ ಅನುಮಾನ ಪಡಬೇಕು ಅನ್ನುವುದು ಅವರ ಲೆಕ್ಕ. ಸುಮ್ನೆ ಯಾರೂ ಅಲ್ಲಿಗೆ ಬಣ್ಣ ಹೊಡೆಯುವುದಿಲ್ಲ. ನೋಡಬೇಕಾದ ಜಾಗಗಳೂ ಇವೆ. ಸ್ಪ್ರಿಂಗ್ ಕೂರುವ ಬ್ರಾಕೆಟ್ಟುಗಳು, ಅಡ್ಡ ಪಟ್ಟಿ ಸೇರುವ ಮೂಲೆಗಳು, ಡೀಸೆಲ್ ಟ್ಯಾಂಕಿನ ಹಿಂಬದಿ, ಬ್ಯಾಟರಿ ಇಡುವ ತಟ್ಟೆ, ಕ್ಯಾಬಿನ್ನಿನ ಮ್ಯಾಟ್ ಅಡಿ. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಅವು ಮಣ್ಣು ಕಟ್ಟಿದ್ದರೆ ಬಾಗಿಲು ಒಳಗಿಂದ ಕೊಳೆಯುತ್ತಿದೆ ಅಂತಲೇ. ಕ್ಯಾಬಿನ್ ಹಿಂದೆ ಚಾಸಿ ಬಾಗುವ ಜಾಗದಲ್ಲಿ ವೆಲ್ಡಿಂಗ್ ಗುರುತು ಇದ್ದರೆ, ಸ್ಪ್ರಿಂಗಿಗೆ ಕಂಪನಿ ಕೊಟ್ಟಿದ್ದಕ್ಕಿಂತ ಹೆಚ್ಚು ಪ್ಲೇಟು ಸೇರಿಸಿದ್ದರೆ, ಗಾಡಿ ತನ್ನ ತೂಕಕ್ಕೆ ಮೀರಿ ಹೊತ್ತಿದೆ. ಮರಳೋ, ಜಲ್ಲಿಯೋ, ಕೆಂಪು ಕಲ್ಲೋ.

ಇನ್ನೊಂದು, ಚಾಸಿ ನಂಬರ್. ಅದು ಓದುವ ಹಾಗಿರಬೇಕು. ಆರ್‌ಟಿಓ ಕೆಲಸಕ್ಕೆ ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ತುಕ್ಕು ತಿಂದು ಒಂದು ಅಂಕಿ ಅಳಿಸಿದ್ದರೂ ಕಚೇರಿಯ ಓಡಾಟ ಶುರು.

ಕೊನೆಗೆ ನನ್ನ ಗಾಡಿ ಸಿಕ್ಕಿದ್ದು ಶಿಕಾರಿಪುರದ ಕಡೆ, ಒಬ್ಬ ಶುಂಠಿ ಬೆಳೆಗಾರರ ಕಣದಲ್ಲಿ. ನೋಡಲು ಚಂದ ಏನಿಲ್ಲ. ಎಡಗಡೆ ಬಾಡಿ ತಗ್ಗಾಗಿತ್ತು, ಒಂದು ಹೆಡ್‌ಲೈಟ್ ಒಳಗೆ ನೀರಿತ್ತು, ಮೂಲೆಗಳಲ್ಲಿ ಶುಂಠಿ ಮಣ್ಣು. ಜೋರಾಗಿ ರೇಸ್ ಮಾಡಿದರೆ ಸ್ವಲ್ಪ ನೀಲಿ ಹೊಗೆ. ಆದರೆ ಅಡಿಯಲ್ಲಿ ಕಂಪನಿ ಬಣ್ಣವೇ ಉಳಿದಿತ್ತು, ಎಲ್ಲಿ ಕುಟ್ಟಿದರೂ ಟಣ್ ಅನ್ನುತ್ತಿತ್ತು. ಹೊಗೆಯನ್ನೇ ಮುಂದೆ ಮಾಡಿ ಚೌಕಾಸಿ ಮಾಡಿದೆವು. ಅವರೂ ಬಿಟ್ಟುಕೊಡುವ ಆಸಾಮಿಯಲ್ಲ. ಕಾಫಿ ಎರಡು ಸುತ್ತು ಆದ ಮೇಲೆ ಮಾತು ಮುಗಿಯಿತು.

ಎಂಜಿನ್ ನೋಡುವುದೇ ಬೇಡ ಅಂತ ನಾನು ಹೇಳುತ್ತಿಲ್ಲ. ನೋಡುವ ಕ್ರಮ ಬೇರೆ ಅಷ್ಟೇ. ಗಾಡಿ ನೋಡಲು ಬರುತ್ತೇವೆ ಅಂತ ಹೇಳುವಾಗಲೇ ‘ಸ್ಟಾರ್ಟ್ ಮಾಡಿಡಬೇಡಿ’ ಅನ್ನಬೇಕು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಕೊಡುವ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಒತ್ತಿ ಒತ್ತಿ ಕಾಯಿಸುತ್ತದೆ, ಆ ಬಿಸಿಗೆ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ರಿಂಗ್, ವಾಲ್ವ್ ಸವೆದಿದ್ದರೆ ಒತ್ತಡ ಸೋರುತ್ತದೆ, ಗಾಳಿ ಸಾಕಷ್ಟು ಕಾಯುವುದಿಲ್ಲ. ಅದಕ್ಕೇ ಸವೆದ ಎಂಜಿನ್ ಚಳಿಗಾಲದ ಬೆಳಗ್ಗೆ ಸೆಲ್ಫ್ ಎಷ್ಟು ಹೊಡೆದರೂ ಏಳುವುದಿಲ್ಲ. ಒಮ್ಮೆ ಬಿಸಿಯಾದರೆ ಅದೇ ಎಂಜಿನ್ ಒಂದೇ ಏಟಿಗೆ ಎದ್ದು ನಿಮ್ಮನ್ನು ಮೆಚ್ಚಿಸುತ್ತದೆ. ಹಾಗಾಗಿ ಮೊದಲು ಬಾನೆಟ್ ಮೇಲೆ ಕೈ ಇಟ್ಟು ತಣ್ಣಗಿದೆಯಾ ನೋಡಬೇಕು.

ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಸ್ವಲ್ಪ ಹೊಗೆ ಆಡಿದರೆ ಪರವಾಗಿಲ್ಲ. ಬುಸುಬುಸು ಅಂತ ನುಗ್ಗಿ ಬಂದರೆ ರಿಂಗ್ ಹೋಗಿದೆ. ಹೊಗೆಯ ಬಣ್ಣವೂ ಹೇಳುತ್ತದೆ. ಕಪ್ಪು ಅಂದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಮ್ಮಿ: ಡೀಸೆಲ್ ಚಿಮ್ಮಿಸುವ ನಾಜಲ್, ಏರ್ ಫಿಲ್ಟರ್, ಟರ್ಬೊ ನೋಡಿಸಬೇಕು. ನೀಲಿ ಅಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಒಳಗೆ ಹೋಗುತ್ತಿರಬಹುದು. ಆಯಿಲ್ ಕಪ್ಪಗಿದೆ ಅಂತ ಮಾತ್ರ ಹೆದರಬೇಡಿ. ಡೀಸೆಲ್ ಗಾಡಿಯ ಆಯಿಲ್ ಬದಲಿಸಿ ಸ್ವಲ್ಪ ಓಡಿಸಿದರೆ ಸಾಕು, ಮಸಿಯಿಂದ ಕಪ್ಪಾಗುತ್ತದೆ. ಹಾಲು ಬೆರೆಸಿದ ಕಾಫಿ ಬಣ್ಣ ಬಂದಿದ್ದರೆ ಹೆದರಬೇಕು, ಅದು ನೀರು. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಪಾಲಿಶ್ ಹಚ್ಚಿದವರು ಅದನ್ನು ಅಳಿಸಲಾರರು.

ಕಾಗದಪತ್ರದಲ್ಲಿ ಬೇಜಾರಿನ ಕೆಲಸ ಜಾಸ್ತಿ, ಆದರೂ ಬಿಡುವ ಹಾಗಿಲ್ಲ. ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಫೈನಾನ್ಸಿನವರ ಎನ್‌ಒಸಿ ಮತ್ತು ಫಾರಂ 35 ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬಾರದು. ವರ್ಗಾವಣೆಗೆ ಫಾರಂ 29, 30. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ಇನ್ಶೂರೆನ್ಸನ್ನೂ 14 ದಿನದೊಳಗೆ ನಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಬೇಕು. ‘ನಂಬಿಕೆ ಮೇಲೆ ಇರ್ಲಿ ಬಿಡಿ, ಎಫ್‌ಸಿ ಟೈಮಲ್ಲಿ ಮಾಡಿಸಿದ್ರಾತು’ ಅನ್ನುವವರು ಎಲ್ಲ ಊರಲ್ಲೂ ಇರುತ್ತಾರೆ (ಎಫ್‌ಸಿ ಅಂದರೆ ಗಾಡಿ ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟು). ಅಪಘಾತ ಆದ ದಿನ ಅವರು ಸಿಗುವುದಿಲ್ಲ. ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ಪ್ರತಿ ವರ್ಷ. ಒಟ್ಟು ತೂಕ 3000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ. ಇಂಥ ಗಾಡಿ ಓಡಿಸಲು ಲೈಸೆನ್ಸಿನ ಮೇಲೆ ಬ್ಯಾಡ್ಜ್, ಅಂದರೆ ಬೇರೆ ಅನುಮತಿ, ಬೇಕಾ ಬೇಡವಾ ಅಂತ ಹಿಂದೆ ಕಟ್ಟೆ ಮೇಲೆ ಚರ್ಚೆಯೋ ಚರ್ಚೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಅದನ್ನು ಮುಗಿಸಿತು. 7500 ಕಿಲೋ ಒಳಗಿನ ಗಾಡಿಗೆ ಎಲ್‌ಎಂವಿ (ಲಘು ವಾಹನ) ಲೈಸೆನ್ಸೇ ಸಾಕು.

ಆನ್‌ಲೈನಿನಲ್ಲಿ ಉತ್ತರದ ಗಾಡಿಗಳು ತೀರಾ ಅಗ್ಗಕ್ಕೆ ಕಾಣುತ್ತವೆ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ 2015ರಲ್ಲಿ ಹಸಿರು ನ್ಯಾಯಮಂಡಳಿ ನಿರ್ಬಂಧ ಹಾಕಿದ ಮೇಲೆ ಅಲ್ಲಿಯ ಗಾಡಿಗಳು ಎಲ್ಲ ಕಡೆ ಹರಡಿದವು. ಎನ್‌ಒಸಿ, ಇಲ್ಲಿಯ ತೆರಿಗೆ, ಮರುನೋಂದಣಿ ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಅಗ್ಗ ಅಲ್ಲೇ ಮುಗಿಯುತ್ತದೆ.

ಡೀಸೆಲ್ಲನ್ನು ಬರೀ ಯಂತ್ರದಿಂದಲೇ ಒತ್ತಿ ಕಳಿಸುವ ಹಳೇ ಪಂಪಿನ ಗಾಡಿಯಾ, ಹೊಸ ಸೆನ್ಸರ್ ಗಾಡಿಯಾ ಅನ್ನುವುದು ಇನ್ನೊಂದು ದೊಡ್ಡ ಪ್ರಶ್ನೆ. ಗಾಡಿಯ ಹೊಗೆಗೆ ಮಿತಿ ಹಾಕುವ ನಿಯಮಗಳಲ್ಲಿ ಇಡೀ ದೇಶಕ್ಕೆ ಬಿಎಸ್ 4 ಬಂದದ್ದು 2017ರ ಏಪ್ರಿಲ್‌ನಲ್ಲಿ, ಬಿಎಸ್ 6 ಬಂದದ್ದು 2020ರ ಏಪ್ರಿಲ್‌ನಲ್ಲಿ. ಡೀಸೆಲ್ಲಿನಲ್ಲಿದ್ದ ಗಂಧಕದ ಮಿತಿ 350ರಿಂದ 50 ಪಿಪಿಎಂಗೆ, ಆಮೇಲೆ 10ಕ್ಕೆ ಇಳಿಯಿತು. ಹೊಸ ಗಾಡಿಗಳ ಹೊಗೆ ಕಮ್ಮಿ, ಶಕ್ತಿ ಜಾಸ್ತಿ, ಶಬ್ದವೂ ಕಮ್ಮಿ. ಇದನ್ನು ಒಪ್ಪಲೇಬೇಕು. ಆದರೆ ಮಸಿ ಹಿಡಿಯುವ ಫಿಲ್ಟರ್ ಇರುವ ಗಾಡಿ ಆಗಾಗ ಬಿಸಿಯಾಗಿ ಓಡಬೇಕು, ಆಗಲೇ ಒಳಗಿನ ಮಸಿ ಸುಟ್ಟು ಹೋಗುವುದು. ಮನೆಯಿಂದ ತೋಟಕ್ಕೆ, ತೋಟದಿಂದ ಸೊಸೈಟಿಗೆ, ಎರಡನೇ ಗೇರಿನಲ್ಲೇ ಬದುಕು ಕಳೆಯುವ ಗಾಡಿಗೆ ಆ ಬಿಸಿ ಎಲ್ಲಿಂದ ಬರಬೇಕು? ಮಸಿ ಕಟ್ಟಿ ದೀಪ ಹತ್ತುತ್ತದೆ, ಎಂಜಿನ್ ತಾನೇ ಶಕ್ತಿ ಇಳಿಸಿಕೊಳ್ಳುತ್ತದೆ, ಸ್ಕ್ಯಾನರ್ ಇರುವ ಗ್ಯಾರೇಜಿಗೆ ಹೋಗಬೇಕು. ದಿನಾ ಶಿವಮೊಗ್ಗ ಓಡುವವರು ಹೊಸದನ್ನೇ ತಗೊಳ್ಳಲಿ. ನನ್ನಂಥವರಿಗೆ ಹಳೇ ಪಂಪಿನ ಗಾಡಿಯೇ ಸರಿ. ನಿಂತ ಜಾಗದಲ್ಲೇ ಸ್ಪ್ಯಾನರ್ ಹಿಡಿದು ಏನಾದರೂ ಮಾಡಬಹುದು.

ನೀಲಿ ಹೊಗೆಯ ವಿಷಯಕ್ಕೆ ಬರುತ್ತೇನೆ. ಒಂದು ಅಡಿಕೆ ಸುಗ್ಗಿ ಕಳೆದ ಮೇಲೆ ಗಾಡಿಯನ್ನು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ ಒಯ್ದೆ. ಸಾಗರ ರಸ್ತೆಯ ಆ ಜಾಗಕ್ಕೆ ಹೋದವರಿಗೆ ಗೊತ್ತು, ಒಂದೊಂದು ಅಂಗಡಿಗೆ ಒಂದೊಂದು ವಿದ್ಯೆ. ರೇಡಿಯೇಟರಿಗೆ ಒಬ್ಬ, ಡೈನಮೋಗೆ ಒಬ್ಬ, ಟಿಂಕರಿಂಗಿಗೆ ಒಬ್ಬ, ಸ್ಪ್ರಿಂಗ್ ಪ್ಲೇಟಿಗೆ ಇನ್ನೊಬ್ಬ. ರಿಂಗ್ ಸೆಟ್, ಬೇರಿಂಗ್, ಗ್ಯಾಸ್ಕೆಟ್ ಬದಲಾಯಿತು. ನನಗೆ ಖುಷಿ ಕೊಟ್ಟಿದ್ದು ನಾಜಲ್ ಪರೀಕ್ಷೆ. ಬೆಂಚಿಗೆ ಬಿಗಿದ ಸಣ್ಣ ಕೈಪಂಪು, ಪಕ್ಕದಲ್ಲಿ ಒತ್ತಡದ ಮೀಟರು. ಹುಡುಗ ನಾಜಲ್ ಸಿಕ್ಕಿಸಿ ಹಿಡಿ ಒತ್ತಿದ. ಮೊದಲನೆಯದು ‘ಕಿರ್’ ಅಂತ ಸದ್ದು ಮಾಡಿ ಮಂಜಿನಷ್ಟು ಸಣ್ಣಗೆ ಡೀಸೆಲ್ ಚಿಮ್ಮಿಸಿತು. ಮೂರನೆಯದು ಸದ್ದೇ ಮಾಡಲಿಲ್ಲ. ತುದಿಯಲ್ಲಿ ಒಂದು ಹನಿ ಕಟ್ಟಿತು, ದಪ್ಪಗಾಯಿತು, ಬಿತ್ತು. ನಾನು ಬೆರಳು ಚಾಚಲು ಹೋದೆ. ‘ಏಯ್, ಕೈ ತೆಗೀರಿ ಸಾರ್, ಚರ್ಮದೊಳಗೆ ನುಗ್ಗುತ್ತೆ’ ಅಂದ. ನಿಜ, ಆ ಒತ್ತಡದ ಡೀಸೆಲ್ ಚರ್ಮ ತೂರಿ ಹೋದರೆ ಆಸ್ಪತ್ರೆಯೇ ಗತಿ. ಹನಿ ಬೀಳಿಸುತ್ತಿದ್ದ ನಾಜಲ್ಲಿನ ಸಿಲಿಂಡರಿನಲ್ಲಿ ಡೀಸೆಲ್ ಸರಿಯಾಗಿ ಉರಿಯುವುದಿಲ್ಲ. ಉರಿಯದ್ದು ಗೋಡೆಗಿಳಿದು ಆಯಿಲ್ ತೊಳೆಯುತ್ತದೆ, ರಿಂಗ್ ಬೇಗ ಸವೆಯುತ್ತದೆ. ಗಾಡಿಯ ಹಳೇ ಕಾಯಿಲೆಗೆ ಕಾರಣ ಅಲ್ಲೇ ಇತ್ತು ಅನ್ನಿಸುತ್ತದೆ.

ಸಾಮಾನಿನ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಎಲ್ಲವನ್ನೂ ಒರಿಜಿನಲ್ಲೇ ಹಾಕಬೇಕು ಅನ್ನುವವನಲ್ಲ ನಾನು. ಮಡ್‌ಗಾರ್ಡು, ಕನ್ನಡಿ, ಬಾಗಿಲ ಹಿಡಿಕೆ ಯಾವುದಾದರೂ ನಡೆಯುತ್ತದೆ. ಫಿಲ್ಟರ್, ಬ್ರೇಕ್ ಲೈನರ್, ವೀಲ್ ಬೇರಿಂಗ್, ಕ್ಲಚ್ ಪ್ಲೇಟಿನಲ್ಲಿ ದುಡ್ಡು ಉಳಿಸಲು ಹೋಗಬಾರದು.

ಗಾಡಿ ತಗೊಳ್ಳುವುದು ಒಂದು ಸಲದ ಕೆಲಸ. ಮಲೆನಾಡಿನಲ್ಲಿ ಅದನ್ನು ಉಳಿಸಿಕೊಳ್ಳುವುದು ಪ್ರತಿ ಜೂನ್‌ನ ಕೆಲಸ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ. ನಮ್ಮ ಹುಲಿಕಲ್, ಮಾಸ್ತಿಕಟ್ಟೆ, ಯಡೂರಿನವರು ತಾವೇನು ಕಮ್ಮಿ ಅಂತ ಜಗಳಕ್ಕೆ ಬರುತ್ತಾರೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಅಷ್ಟು ನೀರಿನಲ್ಲಿ ಕಬ್ಬಿಣ ಉಳಿಯಬೇಕಾದರೆ ಮೇ ತಿಂಗಳಲ್ಲೇ ತಯಾರಿ ಆಗಬೇಕು.

ಹಳಬರು ಮಳೆಗಾಲಕ್ಕೆ ಮುಂಚೆ ಸುಟ್ಟ ಆಯಿಲ್‌ಗೆ ಡೀಸೆಲ್ ಬೆರೆಸಿ ಚಾಸಿಗೆಲ್ಲ ಹೊಡೆಸುತ್ತಿದ್ದರು. ಈಗಲೂ ಹೊಡೆಸುವವರಿದ್ದಾರೆ. ತುಕ್ಕು ತಡೆಯುವುದು ಹೌದು. ಆದರೆ ಅದು ರಬ್ಬರ್ ಬುಶ್‌ಗಳನ್ನು ಉಬ್ಬಿಸಿ ಹಾಳು ಮಾಡುತ್ತದೆ. ಉಳಿದದ್ದು ಹನಿ ಹನಿ ತೊಟ್ಟಿಕ್ಕಿ ಅಂಗಳದಿಂದ ಹಳ್ಳಕ್ಕೆ ಹೋಗುತ್ತದೆ. ಅದೇ ಹಳ್ಳದ ನೀರನ್ನು ಕೆಳಗಿನ ಮನೆಯವರು ಅಡಿಕೆ ಮರದ ದಬ್ಬೆಯಲ್ಲಿ ಹರಿಸಿಕೊಳ್ಳುತ್ತಾರೆ. ನಾನು ಮೊದಲು ಪ್ರೆಶರ್ ವಾಶ್ ಮಾಡಿಸಿ, ಪೂರ್ತಿ ಒಣಗಿಸಿ, ತುಕ್ಕು ಕಂಡಲ್ಲಿ ತಂತಿ ಬ್ರಶ್ಶಿನಲ್ಲಿ ಉಜ್ಜಿ ರೆಡ್ ಆಕ್ಸೈಡ್, ಮೇಲೆ ಕಪ್ಪು ಬಣ್ಣ ಹೊಡೆಸುತ್ತೇನೆ. ಒಣಗಿಸುವುದೇ ಮುಖ್ಯ. ಒದ್ದೆ ಕಬ್ಬಿಣಕ್ಕೆ ಬಣ್ಣ ಹೊಡೆದರೆ ನೀರನ್ನು ಒಳಗಿಟ್ಟು ಬೀಗ ಹಾಕಿದಂತೆಯೇ. ಮಳೆಗಾಲದ ನಡುವೆ ಬಿಸಿಲು ಬಿದ್ದ ದಿನ ಚಕ್ರದ ಕಮಾನಿನ ಒಳಗೆ, ಚಾಸಿಯ ಮೇಲೆ ಕೂತ ಕೆಂಪು ಮಣ್ಣನ್ನು ಪೈಪು ಹಿಡಿದು ಬಿಡಿಸಬೇಕು. ಮಳೆ ನಿಂತರೂ ಆ ಮಣ್ಣು ವಾರಗಟ್ಟಲೆ ಒದ್ದೆ ಇರುತ್ತದೆ.

ಹೊರಗಿನ ಮಳೆಗಿಂತ ಮೇಲಿನ ಲೋಡು ಜಾಸ್ತಿ ತಿನ್ನುತ್ತದೆ ಅನ್ನುವುದನ್ನು ತೋಟದವರು ಮರೆಯುತ್ತಾರೆ. ಪೊಟ್ಯಾಶ್ ಗೊಬ್ಬರವೂ ಒಂದು ಬಗೆಯ ಉಪ್ಪೇ. ಚೀಲ ಹರಿದು ಚೆಲ್ಲಿದ ಒಂದು ಹಿಡಿ ಬಾಡಿಯ ಮೂಲೆಯಲ್ಲಿ ಉಳಿದು ಮಳೆ ನೀರು ಕುಡಿದರೆ ತಗಡು ತೂತು. ಅಡಿಕೆಯ ಕೊಳೆ ರೋಗದ ಔಷಧಿಗೆ ತರುವ ಮೈಲುತುತ್ತು ಇನ್ನೂ ಖಾರ. ಅದರಲ್ಲಿರುವ ತಾಮ್ರ ಕಬ್ಬಿಣದ ಮೇಲೆ ಕೂತು ಕಬ್ಬಿಣವನ್ನು ಕರಗಿಸುತ್ತದೆ. ಅದಕ್ಕೇ ಮೈಲುತುತ್ತು, ಸುಣ್ಣ ಕಲಸಿ ಮಾಡುವ ಬೋರ್ಡೋ ದ್ರಾವಣವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಮಾಡಬೇಡಿ ಅನ್ನುವುದು. ಡ್ರಮ್ಮಿನ ಬಗ್ಗೆ ಎಚ್ಚರ ಇರುವ ಜನ ಅದೇ ಮೈಲುತುತ್ತಿನ ಚೀಲವನ್ನು ಪಿಕಪ್‌ನಲ್ಲಿ ನೆನೆಯಲು ಬಿಡುತ್ತಾರೆ. ನಾನು ದಪ್ಪ ರಬ್ಬರ್ ಶೀಟ್ ಹಾಸಿದ್ದೇನೆ. ಗೊಬ್ಬರ ಇಳಿಸಿದ ದಿನವೇ ಅದನ್ನು ಎತ್ತಿ ಎರಡೂ ಬದಿ ತೊಳೆಯುವುದು ಮನೆಯ ನಿಯಮ.

ಮಳೆಗಾಲದ ಇನ್ನೊಂದು ಶತ್ರು ಟ್ಯಾಂಕಿನ ಒಳಗಿರುತ್ತದೆ. ಅರ್ಧ ಖಾಲಿ ಟ್ಯಾಂಕಿನ ಗಾಳಿಯಲ್ಲಿದ್ದ ತೇವ ರಾತ್ರಿ ತಂಪಿಗೆ ನೀರಾಗಿ ಇಳಿಯುತ್ತದೆ. ಕ್ಯಾನಿನಲ್ಲಿ ತಂದು ಹಾಕುವ ಡೀಸೆಲ್ಲಿನ ಜೊತೆಗೂ ಒಂದಿಷ್ಟು ಬರುತ್ತದೆ. ಡೀಸೆಲ್ ಫಿಲ್ಟರಿನ ತಳದಲ್ಲಿ ಒಂದು ಸ್ಕ್ರೂ ಇದೆ, ಅದನ್ನು ಸಡಿಲಿಸಿ ಗಾಜಿನ ಬಾಟಲಿಯಲ್ಲಿ ಹಿಡಿಯಬೇಕು. ಮೊದಲು ಬರುವುದು ಮಬ್ಬು ಮಬ್ಬಾಗಿರುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಗೆರೆ ಎಳೆದ ಹಾಗೆ ಬೇರೆಯಾಗುತ್ತದೆ, ಕೆಳಗೆ ನೀರು, ಮೇಲೆ ಡೀಸೆಲ್. ಗೆರೆಯ ಮೇಲೆ ತುಕ್ಕಿನ ಕಣಗಳು ತೇಲುತ್ತಿದ್ದರೆ ಟ್ಯಾಂಕ್ ತೊಳೆಸುವ ಕಾಲ ಬಂತು. ನೀರು ಪಂಪಿಗೆ ಹೋದರೆ ಆ ಖರ್ಚು ಕೇಳುವುದೇ ಬೇಡ. ಸ್ಕ್ರೂ ಬಿಗಿದ ಮೇಲೆ ಮೇಲಿನ ಕೈಪಂಪನ್ನು ಗಟ್ಟಿಯಾಗುವವರೆಗೆ ಒತ್ತಬೇಕು, ಇಲ್ಲದಿದ್ದರೆ ಏರ್ ಹಿಡಿದು ಗಾಡಿ ಏಳುವುದಿಲ್ಲ. ಮಳೆಗಾಲದಲ್ಲಿ ಟ್ಯಾಂಕ್ ತುಂಬಿಸಿ ಇಡುವುದು ಸುಲಭದ ಮದ್ದು.

ಇಲಿಗಳ ವಿಷಯ ಬಿಟ್ಟರೆ ಅವು ಬೇಜಾರು ಮಾಡಿಕೊಂಡಾವು. ಕೊಟ್ಟಿಗೆ ಪಕ್ಕ ನಿಲ್ಲಿಸಿದ ಗಾಡಿಯ ಬಾನೆಟ್ ಒಳಗೆ ಬೆಚ್ಚಗೆ ಗೂಡು ಕಟ್ಟಿ ವೈರ್ ಕಡಿಯುತ್ತವೆ. ಫಿನಾಯಿಲ್, ಹೊಗೆಸೊಪ್ಪು, ಎಲ್ಲ ನೋಡಿಯಾಯಿತು. ರಾತ್ರಿ ಬಾನೆಟ್ ಎತ್ತಿ ಇಡುವುದಷ್ಟೇ ಸ್ವಲ್ಪ ಕೆಲಸ ಮಾಡುತ್ತದೆ. ಕತ್ತಲೆ ಇಲ್ಲದಿದ್ದರೆ ಅವಕ್ಕೆ ಮನಸ್ಸಾಗುವುದಿಲ್ಲ.

ಹಳ್ಳ ದಾಟುವವರು ಇನ್ನೊಂದು ತಿಳಿದಿರಬೇಕು. ಓಡಿ ಬಿಸಿಯಾದ ಹಿಂದಿನ ಆಕ್ಸಲ್ಲಿನ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಸೀಲ್ ಸಂದಿನಿಂದ ನೀರು ಎಳೆದುಕೊಳ್ಳುತ್ತದೆ. ಮಳೆಗಾಲ ಮುಗಿದ ಮೇಲೆ ಹೌಸಿಂಗ್ ಆಯಿಲ್ ನೋಡಿಸಿ, ವೀಲ್ ಬೇರಿಂಗಿಗೆ ಗ್ರೀಸ್ ಹಾಕಿಸಿ. ಬ್ರೇಕ್ ಆಯಿಲ್ ಕೂಡ ಗಾಳಿಯ ತೇವ ಹೀರುತ್ತದೆ. ಹೀರಿದ್ದು ಘಾಟಿಯ ಬಿಸಿಗೆ ಕುದಿದು ಗುಳ್ಳೆಯಾದರೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸುವುದರಲ್ಲಿ ಜಿಪುಣತನ ಬೇಡ.

ಘಾಟಿ ಅಂದಾಗ ನೆನಪಾಯಿತು. ಆಗುಂಬೆಯ 14 ತಿರುವುಗಳಾಗಲಿ, ಹುಲಿಕಲ್ ಇಳಿಜಾರಾಗಲಿ, ಹತ್ತುವುದು ಎಂಜಿನ್ನಿನ ಕೆಲಸ, ಇಳಿಯುವುದು ಡ್ರೈವರನ ಕೆಲಸ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು ಅಂತ ಹಳೇ ಲಾರಿ ಡ್ರೈವರುಗಳು ಹೇಳುತ್ತಿದ್ದರು. ಡೀಸೆಲ್ ಉಳಿಸಲು ಎಂಜಿನ್ ಆಫ್ ಮಾಡಿ ನ್ಯೂಟ್ರಲ್ಲಿನಲ್ಲಿ ಇಳಿಯುವ ಶೂರರನ್ನು ನೋಡಿದ್ದೇನೆ. ಇಂಥ ಗಾಡಿಯಲ್ಲಿ ಬ್ರೇಕಿಗೆ ಬಲ ಕೊಡುವುದು ವ್ಯಾಕ್ಯೂಮ್, ಅದನ್ನು ಮಾಡುವ ಪಂಪು ಎಂಜಿನ್ ತಿರುಗಿದರೆ ಮಾತ್ರ ತಿರುಗುತ್ತದೆ. ಎಂಜಿನ್ ನಿಂತ ಮೇಲೆ ಕೆಲವು ಸಲ ಒತ್ತಿದರೆ ಉಳಿದದ್ದೂ ಖಾಲಿ. ಆಮೇಲೆ ಪೆಡಲ್ ಕಲ್ಲಾಗುತ್ತದೆ. ಹುಲಿಕಲ್ ಘಾಟಿಯಲ್ಲಿ ಚಂಡಿಕಾಂಬ ಗುಡಿ ಎದುರು ಗಾಡಿ ನಿಲ್ಲಿಸಿ ಕಾಣಿಕೆ ಹಾಕುವ ಪದ್ಧತಿ ಇದೆ. ನಾನೂ ಹಾಕುತ್ತೇನೆ. ಡ್ರಮ್ಮು ತಣ್ಣಗಾಗಲು ಅಷ್ಟು ಹೊತ್ತು ಸಿಕ್ಕಿದಂತೆಯೂ ಆಗುತ್ತದೆ.

ಊರಲ್ಲಿ ಪಿಕಪ್ ಇದೆ ಅಂದರೆ ಅದು ಒಬ್ಬರದ್ದಾಗಿ ಉಳಿಯುವುದಿಲ್ಲ. ಮದುವೆ ಮನೆಯ ಪಾತ್ರೆ, ಗಣಪತಿ ಮೂರ್ತಿ, ಕರು ಹಾಕಲು ಕಷ್ಟಪಡುವ ಹಸುವಿಗಾಗಿ ಡಾಕ್ಟರನ್ನು ಕರೆತರುವುದು, ಎಲ್ಲಕ್ಕೂ ಬೇಕು. ಇಲ್ಲ ಅನ್ನಲು ಬಾಯಿ ಬರುವುದಿಲ್ಲ, ಅನ್ನಬೇಕಾಗಿಯೂ ಇಲ್ಲ. ಒಂದಕ್ಕೆ ಮಾತ್ರ ನಾನು ಮುಖ ಕೆಡಿಸಿಕೊಂಡಾದರೂ ಇಲ್ಲ ಅನ್ನುತ್ತೇನೆ: ಹಿಂದೆ ಜನ ತುಂಬುವುದಕ್ಕೆ. ಸರಕು ಗಾಡಿಯಲ್ಲಿ ಹಾಗೆ ಹತ್ತಿದವರಿಗೆ ಇನ್ಶೂರೆನ್ಸ್ ಕಂಪನಿ ಪರಿಹಾರ ಕೊಡಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಸರಕಿನ ಮಾಲೀಕ ಅಥವಾ ಅವನ ಕಡೆಯವನು ಜೊತೆಗಿದ್ದರೆ ಬೇರೆ ಮಾತು. ಅಡಿಕೆಯ ಕೊನೆ (ಗೊನೆ) ಕೊಯ್ಲಿಗೆ ಬರುವ ಆಳುಗಳನ್ನು ಬೆಳಗ್ಗೆ ಹಿಂದೆ ನಿಲ್ಲಿಸಿಕೊಂಡು ಬರುವುದು ನಮ್ಮಲ್ಲಿ ಮಾಮೂಲು. ‘ಎಂತ ಆಗತ್ತೆ ಮಾರಾಯ್ರೆ, ನಾಲ್ಕು ಮೈಲಿ ಅಲ್ವಾ’ ಅನ್ನುತ್ತಾರೆ. ಏನಾದರೂ ಆದರೆ ಆ ನಾಲ್ಕು ಮೈಲಿಗೆ ತೋಟ ಮಾರಬೇಕಾದೀತು. ಹೋದ ಜೀವಕ್ಕೆ ಅದೂ ಸಾಲುವುದಿಲ್ಲ. ನಾನು ಆಟೋಗೆ ಹೇಳಿ ಅದರ ಬಾಡಿಗೆ ಕೊಡುತ್ತೇನೆ. ಜಂಬ ಅಂದವರೂ ಇದ್ದಾರೆ, ಅನ್ನಲಿ.

2027ಕ್ಕೆ ಗಾಡಿಗೆ 15 ವರ್ಷ ತುಂಬುತ್ತದೆ. ಆ ವಯಸ್ಸು ದಾಟಿದ ಸರಕು ಗಾಡಿಗಳ ಎಫ್‌ಸಿ ಶುಲ್ಕ 2022ರ ಏಪ್ರಿಲ್‌ನಿಂದ ಸಿಕ್ಕಾಪಟ್ಟೆ ಏರಿದೆ. ಇಟ್ಟುಕೊಳ್ಳುವುದಾ, ಕೊಟ್ಟುಬಿಡುವುದಾ ಅಂತ ಮನೆಯಲ್ಲಿ ಮಾತು ನಡೆಯುತ್ತಲೇ ಇದೆ. ಮಗ ಹೊಸದು ತಗೊಳ್ಳೋಣ ಅನ್ನುತ್ತಾನೆ, ಕಂತು ಕಟ್ಟುವುದು ಯಾರು ಅಂದರೆ ಮೊಬೈಲ್ ನೋಡುತ್ತಾನೆ. ಮೊನ್ನೆ ಸಾಬ್ರು ಇನ್ನೊಮ್ಮೆ ಅಡಿಗೆ ಹೋಗಿ ಕುಟ್ಟಿ ಬಂದರು. ಚಾಸಿಗೆ ಏನೂ ಆಗಿಲ್ಲ, ಹಿಂದಿನ ಬಾಡಿಯ ತಳದ ಶೀಟ್ ಮಾತ್ರ ಎಡಗಡೆ ಮೂಲೆಯಲ್ಲಿ ಹೋಗಿದೆ, ಅದು ಪೊಟ್ಯಾಶಿನ ಕೆಲಸ ಅಂದರು. ಆಟೋ ಕಾಂಪ್ಲೆಕ್ಸಿನಲ್ಲಿ ಹೊಸ ಶೀಟಿಗೆ ಮುಂಗಡ ಕೊಟ್ಟು ಬಂದಿದ್ದೇನೆ. ಕೊನೆ ತೆಗೆಯುವುದು ಶುರುವಾಗುವ ಮೊದಲು ಮುಗಿಸಿಕೊಡಿ ಅಂತ ಹೇಳಿದ್ದೇನೆ. ಆಯ್ತು ಅಂದಿದ್ದಾರೆ. ಗ್ಯಾರೇಜಿನವರ ‘ಆಯ್ತು’ಗೆ ಹದಿನೈದು ದಿನ ಸೇರಿಸಿಕೊಂಡು ಲೆಕ್ಕ ಹಾಕಬೇಕು, ಅಷ್ಟೇ.